ಎರಡನೇ ಬಟ್ಟಲು

ಅಮ್ಮಾ,

ನೀನು ಬದುಕಿದ್ದಿದ್ದರೆ ಇದನ್ನು ನಿನ್ನೆದುರು ಹೇಳಲು ನನಗೆ ಮುಖವಿರುತ್ತಿರಲಿಲ್ಲ. ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಾಲಾಗಿ ಎರಡು ಸಲ ಬೆಳೆ ಕೈಕೊಟ್ಟಿದೆ. ದೇಶದಲ್ಲಿ ಎಷ್ಟು ಕಾಳು ಉಳಿದಿದೆ, ಹೊರಗಿನಿಂದ ಎಷ್ಟು ತರಿಸಬೇಕು ಎಂದು ಮನೆಮನೆ ಸುತ್ತಿ ಅಂದಾಜು ಮಾಡುವುದು ಈಗ ನನ್ನ ಕೆಲಸ. ಇವತ್ತು ಮಧ್ಯಾಹ್ನ ಹೋದ ಮನೆಯಾಕೆ ನನಗೂ ನಮ್ಮ ಡ್ರೈವರನಿಗೂ ಬಿಸಿ ಗಂಜಿ ತಂದಿಟ್ಟಳು.

"ಮನೆಗೆ ಬಂದೋರನ್ನ ಹಾಗೇ ಕಳಿಸೋಕಾಗುತ್ತಾ?"

ಬೆಳಗಿನಿಂದ ಹೊಟ್ಟೆ ತಾಳ ಹಾಕುತ್ತಿತ್ತು. ಬೇಡ ಅಂದ ಹಾಗೆ ಮಾಡಿ, ಎರಡನೇ ಬಟ್ಟಲೂ ಹಾಕಿಸಿಕೊಂಡೆ.

ಡ್ರೈವರ್ ಆಕೆಗೆ, "ನೀವು ಹೀಗೇ ಹಾಕ್ತಾ ಹೋದ್ರೆ ನಮ್ಮ ಸಾಹೇಬ್ರು ಈ ಕಡೆ ಬರಗಾಲಾನೇ ಇಲ್ಲ ಅಂತ ಬರೆದುಬಿಡ್ತಾರೆ!" ಅಂದ. ನಾನೂ ನಕ್ಕೆ.

ಕೊನೆಯ ಗುಟುಕಿನಲ್ಲಿ ನಾಲಿಗೆಗೆ ಬೂದಿ ಹತ್ತಿತು. ಹುಳು ಹಿಡಿಯದಿರಲೆಂದು ನೀನು ಬಿತ್ತನೆ ಕಾಳಿಗೆ ಬೆರೆಸಿಡುತ್ತಿದ್ದೆಯಲ್ಲ, ಅದೇ ಬೂದಿ. ಎಷ್ಟು ತೊಳೆದರೂ ಪೂರ್ತಿ ಹೋಗದು. ನಾವು ಹಸಿವೆಂದು ಅತ್ತಾಗಲೂ ನೀನು ಆ ಕಾಳಿನ ಮಡಕೆಯ ಮುಚ್ಚಳ ತೆಗೆಯಲಿಲ್ಲ. ಅದಕ್ಕೆ ನಾನು ನಿನಗೆ ಏನಂದೆನೋ, ನಿನಗೆ ಗೊತ್ತು.

ನುಂಗಿದೆ. ಉಗುಳುವ ಹಾಗಿರಲಿಲ್ಲ. ಆಮೇಲೆ, ಪ್ರತಿ ಮನೆಯಲ್ಲೂ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ನೆಲ ನೋಡುತ್ತಾ ಕೇಳಿದೆ.

"ಬಿತ್ತೋಕೆ ಕಾಳು ಇದೆಯೇನಮ್ಮಾ?"

ಆಕೆ ನನ್ನ ಖಾಲಿ ಬಟ್ಟಲಿಗೆ ಕೈಚಾಚಿದಳು.

"ಇತ್ತು," ಅಂದಳು. "ಇನ್ನೊಂಚೂರು ಹಾಕ್ಲಾ?"