ಕೈಗೆ ಕಟ್ಟಿದ ಕವರು

28 ಏಪ್ರಿಲ್ 2008
ಇವತ್ತೂ ಹಣ್ಣು ಬಿಡಿಸಿದೆ. ಬೋರಮ್ಮನ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮೂರು ಹಳೇ ಮರ. ಸೊಪ್ಪು ರೇಷ್ಮೆಹುಳುವಿಗೆ. ಹಣ್ಣು ಯಾರಿಗೂ ಬೇಡ — ಹಕ್ಕಿಗೆ, ನನಗೆ. ಅರ್ಧ ಬುಟ್ಟಿಗೆ, ಅರ್ಧ ಬಾಯಿಗೆ. ಸ್ಕೂಲಿನ ಗದ್ದಲವಿಲ್ಲ. ಬೇಸಿಗೆ ರಜೆ ಇರುವುದೇ ಇದಕ್ಕೆ. ನಮ್ಮ ಹೆಡ್‌ಮಾಸ್ಟರ್ ಅನಂತರಾಜುಗೆ ಮಾತ್ರ ರಜೆಯೆಂದರೆ ಬೈಕಿನ ಹಿಂದೆ ಗಿರಾಕಿ ಕೂರಿಸಿಕೊಂಡು ಸೈಟು ತೋರಿಸುವುದು. ಥೂ.

3 ಮೇ
ಬೋರಮ್ಮನ ಮಗಳು ಪುಟ್ಟಿ ಪಿಯುಸಿ ಪಾಸು. ಹೈಸ್ಕೂಲಿನಲ್ಲಿ ನನ್ನ ಕೈಕೆಳಗೇ ಓದಿದವಳು. ನಾಲ್ಕು ಸಾಲು ಸ್ವಂತವಾಗಿ ಬರೆಯುತ್ತಿದ್ದವಳು ಅವಳೊಬ್ಬಳು. ಕನಕಪುರದಲ್ಲಿ ಬಿ.ಎ. ಸೇರು ಅಂದೆ. ಇಲ್ಲವಂತೆ. ಹಾರೋಹಳ್ಳಿ ಕಡೆ ಯಾವುದೋ ಹೊಸ ಗಾರ್ಮೆಂಟ್ಸ್ — ಹೊಲಿಯೋಕೆ!
“ಕೆಲ್ಸ ಸಿಕ್ಕುದ್ರೆ ಎರಡು ವರ್ಷ ಮದ್ವೆ ಮಾತು ಎತ್ತಲ್ಲ ಅಂತ ಅಪ್ಪ ಹೇಳೌರೆ ಮಿಸ್. ಇಲ್ದಿದ್ರೆ ಲೋಕೇಶ್ ಮಾವಂಗೆ ಕಟ್ಬುಡ್ತಾರೆ.”
ಇವರಿಗೆ ಎಲ್ಲದಕ್ಕೂ ಒಂದು ಗಂಡಿನ ಗುಮ್ಮ. ಓದುವ ಮನಸ್ಸಿಲ್ಲ, ಅಷ್ಟೆ.

6 ಮೇ, ಸಂಜೆ
ಹಣ್ಣಿಗೆ ಪುಟ್ಟಿಯನ್ನೂ ಕರೆದೆ. ಮಿಸ್ ಕರೆದರೆ ಇಲ್ಲ ಅನ್ನುವ ಹಾಗಿಲ್ಲ. ಬಂದಳು — ಎರಡೂ ಕೈಗೆ ಪ್ಲಾಸ್ಟಿಕ್ ಕವರು, ಮೇಲೆ ರಬ್ಬರ್‌ಬ್ಯಾಂಡು.
“ಏನೇ ಇದು, ಹೆರಿಗೆ ಮಾಡ್ಸೋಕೆ ಬಂದ್ಯಾ?”
“ನಾಳೆ ಇಂಟರ್‌ವ್ಯೂ ಮಿಸ್. ಬಿಳೀ ಷರ್ಟು ಹೊಲಿಯೋದಂತೆ. ಕೈಲಿ ಕಲೆ ಐತಾ ಅಂತ ನೋಡ್ತಾರಂತೆ.”
“ಓಹೋ! ಮಹಾರಾಣಿ ಕೈ! ಯಾವನದೋ ಕಾಲರಿಗೆ ಮೀಸಲು!”
ಬೋರಮ್ಮನೂ ನಕ್ಕಳು. “ಬಿಚ್ಚಾಕೇ ಅತ್ಲಾಗೆ. ಮೇಡಮ್ಮೋರು ಆಡ್ಕೊತಾವ್ರೆ.”
ಬಿಚ್ಚಿದಳು. ಕತ್ತಲಾಗುವವರೆಗೆ ಬಿಡಿಸಿದಳು. ಉಗುರಿನ ಸಂದಿಯೆಲ್ಲ ಕಡುನೇರಳೆ. ಸಾಕು, ಹೋಗು ಅನ್ನಬಹುದಿತ್ತು. ಅನ್ನಲಿಲ್ಲ. ಹಣ್ಣು ಚೆನ್ನಾಗಿತ್ತು.

7 ಮೇ
ಪುಟ್ಟಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಸೂಪರ್‌ವೈಸರು ಕೈ ಮಗುಚಿ ನೋಡಿ ಮುಂದಿನವಳನ್ನು ಕರೆದನಂತೆ. ಬೂದಿ, ಹುಣಸೆಹಣ್ಣು, ಸೀಮೆಎಣ್ಣೆ — ಎಲ್ಲ ತಿಕ್ಕಿಕೊಂಡೇ ಹೋಗಿದ್ದಳು. ಬೆರಳು ನೋಡಿ ಮನುಷ್ಯರನ್ನು ಆರಿಸುವ ಮೂಢರು. ಹೋಗಲಿ, ಒಳ್ಳೆಯದೇ. ಇನ್ನು ಬಿ.ಎ. ಬಿಟ್ಟು ಬೇರೆ ದಾರಿಯಿಲ್ಲ.

20 ಮೇ
ಕಾಲೇಜಿನ ಅರ್ಜಿ ಹಿಡಿದು ಹೋದೆ. ಬೋರಮ್ಮ ಅದನ್ನು ನೋಡಲೂ ಇಲ್ಲ. ಕೈ ಮುಗಿದಳು.
“ಕೆಲ್ಸ ತಪ್ಪಿದ್ದೇ ಒಳ್ಳೇದಾಯ್ತು ಕಣ್ರವ್ವಾ. ನನ್ ತಮ್ಮ ಲೋಕೇಶಂಗೇ ಕೊಡ್ತಾ ಇವ್ನಿ. ಇದೇ ಇಪ್ಪತ್ತೆಂಟಕ್ಕೆ. ನೀವೇ ಮುಂದೆ ನಿಂತು ನಡೆಸ್ಕೊಡ್ಬೇಕು.”
ಪುಟ್ಟಿ ಒಳಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ.
“ನಾಚ್ಕೆ ಮುಂಡೇದಕ್ಕೆ,” ಅಂದಳು ಬೋರಮ್ಮ.
ನಾಚಿಕೆಯಂತೆ.

28 ಮೇ, ಬೆಳಿಗ್ಗೆ
ಲೌಡ್‌ಸ್ಪೀಕರು ಆಗಲೇ ಅರಚುತ್ತಿದೆ. ಊರಿಗೆ ಊರೇ ಪಾಯಸದ ಕಡೆ ಮುಖ ಮಾಡಿದೆ. ಸೀರೆ ಉಟ್ಟಾಯಿತು. ಧಾರೆಯಲ್ಲಿ ಎಲ್ಲರೂ ಸಾಲಾಗಿ ಹಾಲು ಎರೆಯಬೇಕು. ನನ್ನದೂ ಒಂದು ಸರದಿ. ಅವಳ ಮುಖ ನೋಡದೆ ಎರೆಯುವುದು ಹೇಗೆ...
ಹೊರಗೆ ಯಾರೋ ಕೂಗುತ್ತಿದ್ದಾರೆ — “ಮೇಡಮ್ಮೋರೇ, ಹೆಣ್ಣು ಹಸೆಗೆ ಬಂದಾಯ್ತು!” ಬಂದೆ ಅಂದೆ. ಎದ್ದೆ. ಮತ್ತೆ ಕೂತೆ.
ಎಲ್ಲರ ಮುಂದೆ ಒಂದು ಸಲ ಕೇಳಿಬಿಟ್ಟರೆ — ನಿನಗೆ ಬೇಕೇನೇ ಇದು, ಅಂತ. ಅವಳು ಬೇಡ ಅಂದರೆ, ಆಮೇಲೆ ನಾನು— ಮತ್ತೆ ಕೂಗುತ್ತಿದ್ದಾರೆ.