ವಿಸ್ಕಿಗೆ ಬ್ಯಾಡಗಿಯವರ ಗಂಟುಮುಖ

ಅಪ್ಪನಿಗೆ ಬ್ಯಾಡಗಿಯಿಂದ ಸೀನುತ್ತಲೇ ನಮಸ್ಕಾರ.

ನಿನ್ನೆ ಸಂಜೆ ಮೆಣಸಿನಕಾಯಿ ವ್ಯಾಪಾರಿ ರುದ್ರಮುನಿಯವರ ಮನೆಯಲ್ಲಿ ಅವರ ಗೆಳೆಯರಿಗೆ ವಿಸ್ಕಿಯ ರುಚಿ ತೋರಿಸುವ ಕೆಲಸವಿತ್ತು. ಇದ್ದದ್ದು ಎರಡು ಸೀಸೆ, ಎರಡೂ ಸಿಂಗಲ್ ಮಾಲ್ಟ್, ಸ್ಕಾಟ್ಲೆಂಡಿನ ಸಣ್ಣ ಕಂಪನಿಗಳು ಒಂದೊಂದೇ ಪೀಪಾಯಿ ಆರಿಸಿ ಸೀಸೆಗೆ ತುಂಬಿದಂಥವು. ರುದ್ರಮುನಿಯವರು ಮೊದಲೇ ಕೊಂಡಿಟ್ಟಿದ್ದರು.

ಮೊದಲನೆಯದು ಸಪ್ಪೆ ಸರಕು. ಎಲ್ಲರೂ ತಲೆದೂಗಿ, "ಭಾಳ ಛಲೋ ಐತ್ರಿ" ಎಂದರು. ಎರಡನೆಯದರಲ್ಲಿ ಬೆಲ್ಲದ ಪಾಕ, ಹಿಂದೆಯೇ ತೆಳ್ಳಗೆ ಹೊಗೆ. ಈ ವರ್ಷ ನಾನು ಕುಡಿದದ್ದರಲ್ಲೇ ಉತ್ತಮ. ಅದನ್ನು ಮೂಸಿದ್ದೇ ಎಲ್ಲರೂ ಮುಖ ಗಂಟಿಕ್ಕಿದರು. "ಇದರಾಗ ಏನೂ ದಮ್ ಇಲ್ಲ ಬಿಡ್ರಿ" ಎಂದರು ರುದ್ರಮುನಿ. ನನ್ನ ನಾಲಿಗೆಯೇ ಕೆಟ್ಟಿತೇನೋ ಎಂದುಕೊಂಡೆ. ಊಟಕ್ಕೆ ಏಳುವಾಗ ನೋಡಿದರೆ ಹೊಗಳಿದ ಸೀಸೆ ಹಾಗೇ ಇದೆ, ಬೈದದ್ದು ಖಾಲಿ.

ರುದ್ರಮುನಿಯವರ ಹೆಂಡತಿ ಸುರೇಖಾ ರೊಟ್ಟಿ ಬಡಿಸುತ್ತ ಹೇಳಿದರು: "ಪ್ಯಾಟ್ಯಾಗ ಛಲೋ ಮಾಲು ಕಂಡ್ರ ಹಿಂಗ ಮಾರಿ ಗಂಟು ಹಾಕ್ಕೋತಾರ್ರಿ. ಹೊಗಳಿದ್ರ ರೇಟು ಏರತೈತಲ್ರಿ."

ಕೊಂಡಾದ ಸೀಸೆಗೆ ಇನ್ಯಾವ ರೇಟು ಎಂದೆ.

"ರೂಢಿ ರೀ. ನನ್ನ ಅಡಗಿಗೂ ಹಂಗ ಮಾಡ್ತಾರ."

ಇವರ ಗಂಟುಮುಖದ ತಲೆಬುಡ ನನಗಿನ್ನೂ ತಿಳಿದಿಲ್ಲ. ಬೆಳಿಗ್ಗೆ ಮೆಣಸಿನಕಾಯಿ ಮಾರುಕಟ್ಟೆ ಸುತ್ತಿ ಬಂದಾಗಿನಿಂದ ಮೂಗು ಸೋರುತ್ತಿದೆ, ಜ್ವರವೇನಿಲ್ಲ. ಹಾವೇರಿ ಬಸ್ಸು ಬಂತು.

ನನ್ನ ಈ ಕೆಲಸದ ಮಾತೆತ್ತಿದಾಗೆಲ್ಲ ನೀವೂ ಮುಖ ಗಂಟಿಕ್ಕುತ್ತೀರಲ್ಲ ಅಪ್ಪ, ಅದು ಯಾವ ಬಗೆಯದು?

ನಿಮ್ಮ ಚಿನ್ಮಯಿ