ಟೆರೇಸಿನ ಹರಿದ ಬಾವುಟ

ಬಿಟಿಎಂ ಲೇಔಟ್
ಶುಕ್ರವಾರ

ಮನೆ ಮಾಲೀಕರಾದ ಚಿಕ್ಕಬೈರಪ್ಪ ಅಂಕಲ್ ಅವರಿಗೆ ಮೂರನೇ ಮಹಡಿಯ ಮೈತ್ರಿಯ ನಮಸ್ಕಾರಗಳು.

ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಗಸ್ಟ್‌ನಲ್ಲಿ ನೀವು ಟೆರೇಸಿನಲ್ಲಿ ಕಟ್ಟಿದ ಬಾವುಟ ಚಿಂದಿಯಾಗಿದೆ ಎಂದು ನಾನು ಹೇಳಿದಾಗ, "ಓದಿರೋಳು ನೀನು, ಏನಾದ್ರೂ ಮಾಡ್ಬಿಡಮ್ಮ" ಎಂದಿರಿ. ಇಳಿಸಿ ಮಡಿಸಿದೆ. ನಿಯಮದ ಪ್ರಕಾರ ಹರಿದ ರಾಷ್ಟ್ರಧ್ವಜವನ್ನು ಗೌರವದಿಂದ, ಯಾರಿಗೂ ಕಾಣದಂತೆ ಸುಡಬೇಕಂತೆ. ನಮ್ಮ ಬೀದಿಯಲ್ಲಿ ಅಂಥ ಜಾಗ ಎಲ್ಲಿದೆ, ಅಂಕಲ್? ಟೆರೇಸಿನಲ್ಲಿ ಕಡ್ಡಿ ಗೀರುತ್ತಲೇ ನಿಮ್ಮ ಮನೆಯ ಗೌರಮ್ಮ ಆಂಟಿ, "ಸತ್ತೋರ ಬಟ್ಟೆ ಸುಟ್ಟಂಗೆ ಮನೆ ಮೇಲೆ ಸುಡ್ತೀಯೇನೇ?" ಎಂದು ರೇಗಿದರು. ಎದುರು ಕಟ್ಟಡದವರು ಮೊಬೈಲ್ ಹಿಡಿದು, "ಬಾವುಟ ಸುಡ್ತಾವ್ಳೆ, ವಿಡಿಯೋ ಮಾಡ್ರೋ!" ಎಂದರು. ಬಾವುಟ ಎತ್ತಿಕೊಂಡು ಒಳಗೋಡಿದೆ.

ಹೇಗೂ ಮರೆಯ ಜಾಗವಿಲ್ಲ; ಭಾನುವಾರ ಬೆಳಿಗ್ಗೆ ದಯವಿಟ್ಟು ಟೆರೇಸಿಗೆ ಬನ್ನಿ. ಸುಡುವುದು ನಾನೇ; ಅದು ಅವಮಾನವಲ್ಲ, ಗೌರವ ಎಂದು ನೋಡುವವರಿಗೆ ತಿಳಿಯಬೇಕು. ನೀವು ಚಪ್ಪಲಿ ಬಿಟ್ಟು, ಎಲ್ಲರಿಗೂ ಕಾಣುವಂತೆ ನನ್ನ ಪಕ್ಕದಲ್ಲಿ ನಿಂತರೆ ಸಾಕು.

ಇಂತಿ,
ಮೈತ್ರಿ